ತಟ್ಟೆಗೆ ಕಾಸು ಬೇಡ, ಕೈಗೆ ಕೆಲಸ ಕೊಡಿ



'ಕನ್ನಡಿಗರಿಗೆ ಉದ್ಯೋಗ' ಎಂದು ಕೂಗಿ ಕೂಗಿ ನಮ್ಮ ಗಂಟಲು ಒಣಗಿದೆ. ಸರೋಜಿನಿ ಮಹಿಷಿ ವರದಿಯ ಹೆಸರೆತ್ತಿದರೆ ಸಾಕು, ನಿಮ್ಮಲ್ಲಿ ಅರ್ಧ ಜನ ಎದ್ದು ನಿಲ್ಲುತ್ತೀರಿ. ಒಳ್ಳೆಯದೇ. ಆದರೆ 'ಕನ್ನಡಿಗ' ಎಂಬ ಮಾತು ಬಾಯಿಂದ ಬಂದಾಗ ನಿಮ್ಮ ಕಣ್ಣ ಮುಂದೆ ಯಾರು ನಿಲ್ಲುತ್ತಾರೆ? ಬಿಳಿ ಕೋಲು ಹಿಡಿದವನು ನಿಲ್ಲುತ್ತಾನೆಯೇ? ಗಾಲಿಕುರ್ಚಿಯಲ್ಲಿ ಕೂತ ಹೆಣ್ಣುಮಗಳು? ಕಿವಿ ಕೇಳದ ಹುಡುಗ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ 2 ಕೋಟಿ 68 ಲಕ್ಷ. ಅವರಲ್ಲಿ ದುಡಿಮೆ ಇದ್ದವರು ನೂರಕ್ಕೆ 36 ಮಂದಿ. ಹೆಂಗಸರಲ್ಲಂತೂ ಬರೀ 23. ಮಕ್ಕಳು ಮುದುಕರನ್ನೂ ಸೇರಿಸಿದ ಲೆಕ್ಕ ಇದು, ನಿಜ. ಆದರೂ ದುಡಿಯುವ ವಯಸ್ಸಿನ ಎಷ್ಟು ಜನ ಮನೆಯ ಮೂಲೆ ಹಿಡಿದಿದ್ದಾರೆ ಎಂಬುದು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಗಾದೆ ಹೇಳುವವರು ನಾವು. ಗದ್ದೆಗೇ ಇಳಿಯಗೊಡದಿದ್ದರೆ ಕೈ ಕೆಸರಾಗುವುದು ಹೇಗೆ ಸ್ವಾಮಿ?

ಹೆಸರಿಡುವುದರಲ್ಲಿ ಮಾತ್ರ ನಾವು ಬಲು ಉದಾರಿಗಳು. ಅಂಗವಿಕಲ ಅಂದೆವು, ಆಮೇಲೆ ವಿಕಲಚೇತನ ಅಂದೆವು, ಈಗ ವಿಶೇಷಚೇತನ ಅನ್ನುತ್ತೇವೆ. ಕಾಲು ಊನವಾದರೆ ಚೇತನ ಏಕೆ ವಿಕಲವಾಗಬೇಕು ಎಂದು ಕೇಳಿದವರಿದ್ದಾರೆ. ಸರಿಯಾಗಿಯೇ ಕೇಳಿದ್ದಾರೆ. ಸರ್ಕಾರದ ಇಲಾಖೆಯ ಫಲಕದ ಮೇಲೆ ಆ ಪದ ಹಾಗೇ ಕೂತಿದೆ. ಇರಲಿ, ಪದ ಬದಲಾಯಿಸಲು ಖರ್ಚಿಲ್ಲ. ಕೆಲಸ ಕೊಡಲು ಮನಸ್ಸು ಬೇಕು.

ಆ ಮನಸ್ಸು ಈ ನಾಡಿಗೆ ಹೊಸದಲ್ಲ. ಗದುಗಿಗೆ ಹೋಗಿ ನೋಡಿ. ಹುಟ್ಟುಗುರುಡರಾಗಿದ್ದ ಪಂಚಾಕ್ಷರ ಗವಾಯಿಗಳು ಅಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮುಚ್ಚುವವರೆಗೂ ಅದನ್ನು ನಡೆಸಿದರು. ನಾವೆಲ್ಲ ಅದನ್ನು ಭಕ್ತಿಯಿಂದ ನೋಡಿ ಕೈ ಮುಗಿದು ಬಂದುಬಿಡುತ್ತೇವೆ. ಸ್ವಲ್ಪ ಲೆಕ್ಕಾಚಾರದ ಕಣ್ಣಿನಿಂದಲೂ ನೋಡಬೇಕು. ಆ ಗುರುಗಳು ಅಂಧ ಮಕ್ಕಳಿಗೆ ಅನ್ನ ಹಾಕಿ ಸುಮ್ಮನಾಗಲಿಲ್ಲ. ಹಾರ್ಮೋನಿಯಂ ಕೊಟ್ಟರು, ತಬಲಾ ಕೊಟ್ಟರು, ಪಿಟೀಲು ಕೊಟ್ಟರು. ಕಲಿತವರು ಶಾಲೆಗಳಲ್ಲಿ ಸಂಗೀತ ಮೇಷ್ಟರಾದರು, ಪುರಾಣ ಪ್ರವಚನಗಳಿಗೆ ಸಾಥ್ ಕೊಟ್ಟರು, ಆಕಾಶವಾಣಿಯಲ್ಲಿ ಹಾಡಿದರು, ಊರೂರಲ್ಲಿ ಪಾಠ ಹೇಳಿ ಸಂಸಾರ ಸಾಕಿದರು. ಆಶ್ರಮದ ಖರ್ಚಿಗೆ ಕೂಡ ನಾಟಕ ಕಂಪನಿ ಕಟ್ಟಿ, ಟಿಕೆಟ್ ಮಾರಿ ದುಡಿದರು. ಪುಟ್ಟರಾಜರೇ ನಾಟಕ ಬರೆದರು. ಕಾಯಕ ಎಂದರೆ ಇದು. ಇನ್ನೂ ಒಂದು ಮಾತಿದೆ. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು, ವೆಂಕಟೇಶ ಕುಮಾರ್ ಪುಟ್ಟರಾಜರ ಶಿಷ್ಯರು. ಇಬ್ಬರೂ ಕಣ್ಣಿದ್ದವರು. ಕಣ್ಣಿದ್ದವರು ಕಣ್ಣಿಲ್ಲದವರ ಹತ್ತಿರ ವಿದ್ಯೆ ಕಲಿತು ದೇಶಕ್ಕೆಲ್ಲ ಹೆಸರಾದರು. ಯಾರು ಯಾರಿಗೆ ಆಸರೆಯಾದರು, ನೀವೇ ಹೇಳಿ.

ಆದರೆ ಕಣ್ಣಿಲ್ಲದವರೆಲ್ಲ ಹಾಡಲೇಬೇಕು ಎಂಬ ಕಾನೂನಿಲ್ಲ. ಎಲ್ಲರಿಗೂ ಶಾರೀರ ಇರುವುದಿಲ್ಲ, ಆಸೆಯೂ ಇರುವುದಿಲ್ಲ. ಹಾಡಲಾರದವರಿಗೆ ಬೆತ್ತದ ಕುರ್ಚಿ ಹೆಣೆಯುವುದು, ಮೇಣದ ಬತ್ತಿ ಮಾಡುವುದು, ತೀರ ಅದೃಷ್ಟವಿದ್ದರೆ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಹುದ್ದೆ. ಪ್ಲಾಸ್ಟಿಕ್ ಕುರ್ಚಿ ಬಂದು ಬೆತ್ತ ಹೋಯಿತು. ಮೊಬೈಲ್ ಬಂದು ಆಪರೇಟರ್ ಹೋದರು. ಈಗ ಉಳಿದಿರುವ ದೊಡ್ಡ ದಾರಿ ಕಂಪ್ಯೂಟರು. ನಮ್ಮ ಭಾಷೆಯ ಪ್ರಶ್ನೆ ಎದುರಾಗುವುದು ಇಲ್ಲಿಯೇ.

ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬುದು ಅದರಲ್ಲಿ ಒಂದು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಅದನ್ನು ಆರಂಭಿಸಿದವನೂ ಅಂಧ, ಜೊತೆಗೂಡಿ ಬೆಳೆಸಿದವನೂ ಅಂಧ. ಬೆಲೆ ಇಲ್ಲ, ಪುಕ್ಕಟೆ. ಅದಕ್ಕೆ ಕನ್ನಡ ಓದಲು ಬರುತ್ತದೆ. ಧ್ವನಿ ಸ್ವಲ್ಪ ಯಂತ್ರದ ಹಾಗಿದ್ದರೂ ಅರ್ಥವಾಗುತ್ತದೆ. ಹೀಗಿರುವಾಗ ಅಂಧ ನೌಕರನೊಬ್ಬ ಕನ್ನಡದ ಕಡತ ಓದಿ ಟಿಪ್ಪಣಿ ಬರೆಯಲು ಅಡ್ಡಿ ಏನು? ಅಡ್ಡಿ ನಮ್ಮ ಬೆರಳಚ್ಚಿನಲ್ಲೇ ಇದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಆದರೆ ಹಾಗೆ ಟೈಪು ಮಾಡಿದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷಿನ ಕಲಸುಮೇಲೋಗರ. ಓದು ಎಂದರೆ ಅರ್ಥವಿಲ್ಲದ ಅಕ್ಷರಗಳನ್ನು ಉಗುಳುತ್ತದೆ. ಯೂನಿಕೋಡ್‌ನಲ್ಲಿ ಟೈಪು ಮಾಡಿದರೆ ಆ ತೊಂದರೆ ಇಲ್ಲ. ಇನ್ನು ಕೆಲವರು ಕಾಗದದ ಚಿತ್ರ ತೆಗೆದು ಹಾಗೇ ಜಾಲತಾಣಕ್ಕೆ ಏರಿಸುತ್ತಾರೆ. ಅದು ಬರೀ ಚಿತ್ರ. ಅದರೊಳಗಿನ ಮಾತು ಆ ತಂತ್ರಾಂಶಕ್ಕೆ ದಕ್ಕುವುದಿಲ್ಲ.

ಹೀಗಾಗಿ ಇಂಗ್ಲಿಷ್ ಬಲ್ಲ ಅಂಧ ಯುವಕನಿಗೆ ಬೆಂಗಳೂರಿನ ಕಂಪನಿಯ ಬಾಗಿಲು ಅಷ್ಟೋ ಇಷ್ಟೋ ತೆರೆಯಿತು. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಕನ್ನಡದ ಕಚೇರಿಯ ಕಡತವೇ ಗೋಡೆಯಾಯಿತು! ಇದು ಭಾಷೆಯ ಅನ್ಯಾಯವೋ, ಅಂಗವಿಕಲತೆಯ ಅನ್ಯಾಯವೋ? ಎರಡೂ ಒಂದೇ ಹೆಗಲ ಮೇಲೆ ಬಿದ್ದಿವೆ.

ಕಿವಿ ಕೇಳದವರ ವಿಷಯವೂ ಅಷ್ಟೇ. ಅವರ ಸನ್ನೆ ಬರೀ ಕೈ ಆಡಿಸುವುದಲ್ಲ, ವ್ಯಾಕರಣವಿರುವ ಭಾಷೆ. ತಾಯ್ನುಡಿಗಾಗಿ ಲಾಠಿ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಬ್ಬಳ್ಳಿಯ ಒಂದು ಕಾಲೇಜು ಆವರಣದಲ್ಲಿ 2017ರಲ್ಲಿ ಮಿಟ್ಟಿ ಕೆಫೆ ಎಂಬ ಚಹಾದಂಗಡಿ ಶುರುವಾಯಿತು. ಅಡುಗೆ ಮಾಡುವವರು, ತಂದುಕೊಡುವವರು, ಹಣ ಎಣಿಸುವವರು ಅಂಗವಿಕಲರೇ. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಅದರ ಶಾಖೆ ತೆರೆಯಿತು. ಹುಬ್ಬಳ್ಳಿಯಲ್ಲಿ ಹೊತ್ತಿದ ಒಲೆ ದೆಹಲಿಗೆ ಹೋಯಿತು.

ಮಾಲತಿ ಹೊಳ್ಳ ಅವರ ಪದಕಗಳು ನಿಮಗೆ ಗೊತ್ತು. 1995ರ ಅರ್ಜುನ ಪ್ರಶಸ್ತಿ, 2001ರ ಪದ್ಮಶ್ರೀ. ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದವರು ಎಂಬುದು ಎಷ್ಟು ಜನರಿಗೆ ಗೊತ್ತು? ಪದಕಕ್ಕೆ ಚಪ್ಪಾಳೆ ಬರುತ್ತದೆ. ಬಾಡಿಗೆ ಕಟ್ಟಲು, ಸ್ವಂತ ನಿರ್ಧಾರ ತೆಗೆದುಕೊಳ್ಳಲು, ಇನ್ನೊಬ್ಬರನ್ನು ಸಾಕಲು ಸಂಬಳ ಬೇಕು. ಅಂಗವಿಕಲ ಮಕ್ಕಳಿಗಾಗಿ ಅವರು ಮಾತೃ ಫೌಂಡೇಶನ್ ಕಟ್ಟಿದರು. ಕೊಡುವ ಕೈ ಆಗುವ ಸುಖ, ಬೇಡುವ ಕೈಗೆ ಸಿಗುವುದಿಲ್ಲ.

ಈಗ ಕಾನೂನಿಗೆ ಬರೋಣ. 1995ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3 ಮೀಸಲು ಎಂದಿತು. ಅದರ ಜಾಗಕ್ಕೆ ಬಂದ 2016ರ ಕಾಯಿದೆ ಕನಿಷ್ಠ ಶೇಕಡಾ 4 ಎನ್ನುತ್ತದೆ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅರ್ಹರು ಸಿಗಲಿಲ್ಲ ಎಂದು ಹುದ್ದೆಯನ್ನು ನುಂಗುವಂತಿಲ್ಲ, ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು. ನೌಕರಿಯಲ್ಲಿದ್ದಾಗ ಕೈಕಾಲು, ಕಣ್ಣು ಹೋದರೆ ಸರ್ಕಾರಿ ಸಂಸ್ಥೆ ಮನೆಗೆ ಕಳಿಸುವಂತಿಲ್ಲ, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಸಾರಿಗೆ ನಿಗಮದ ಚಾಲಕ ಮಿತ್ರರೇ, ಇದನ್ನು ನೆನಪಿಡಿ. ಕಣ್ಣಿಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂಧರು ನ್ಯಾಯಾಧೀಶರಾಗಬಹುದು ಎಂದ ಮೇಲೆ ಗುಮಾಸ್ತರಾಗಲು ಏನಡ್ಡಿ?

ಖಾಸಗಿಯವರಿಗೆ ಮಾತ್ರ ಈ ಕಾಯಿದೆ ಬೆಣ್ಣೆ ಹಚ್ಚಿದೆ. ನೂರಕ್ಕೆ ಐವರನ್ನಾದರೂ ಸೇರಿಸಿಕೊಳ್ಳಲೆಂದು ಪ್ರೋತ್ಸಾಹ ಕೊಡಿ ಎನ್ನುತ್ತದೆ. ಕಡ್ಡಾಯವಿಲ್ಲ. ಇಲ್ಲಿ ನಮ್ಮ ಸಂಘಟನೆಗಳಿಗೆ ಕೆಲಸವಿದೆ. ಕಾರ್ಖಾನೆಯ ಗೇಟಿನಲ್ಲಿ ಕನ್ನಡಿಗರೆಷ್ಟು ಎಂದು ಕೇಳುವಾಗ, ಅವರಲ್ಲಿ ಅಂಗವಿಕಲರೆಷ್ಟು ಎಂದೂ ಅದೇ ಉಸಿರಿನಲ್ಲಿ ಕೇಳಿ. ಹಾಗೆ ಕೇಳುವ ಮೊದಲು ನಮ್ಮ ಸಂಘದ ಕಚೇರಿ ಎಷ್ಟನೇ ಮಹಡಿಯಲ್ಲಿದೆ ಎಂಬುದನ್ನೂ ನೋಡಿಕೊಳ್ಳೋಣ.

ಸರ್ಕಾರಿ ಕಚೇರಿಗೆ ದಾರಿ ಇನ್ನೂ ಸುಲಭ. ನಿಮ್ಮ ಜಿಲ್ಲೆಯ ಒಂದು ಇಲಾಖೆ ಆರಿಸಿಕೊಳ್ಳಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಮಂಜೂರಾದ ಹುದ್ದೆ ಎಷ್ಟು, ಅಂಗವಿಕಲರಿಗೆ ಮೀಸಲಾದದ್ದು ಎಷ್ಟು, ತುಂಬಿದ್ದು ಎಷ್ಟು, ಬಾಕಿ ಎಷ್ಟು ವರ್ಷದಿಂದ ಬಿದ್ದಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಕನ್ನಡದಲ್ಲಿರಲಿ, ಯೂನಿಕೋಡ್‌ನಲ್ಲಿರಲಿ. ಉತ್ತರ ಬಂದ ಮೇಲೆ ಒಂದು ಪ್ರತಿ ಈ ಪತ್ರಿಕೆಗೂ ಕಳಿಸಿ.