ನಿಯಂತ್ರಕದೊಳಗಿನ ಬ್ಯಾಟರಿ

ಬರಿದಾದ ಮೇಲೆ ಮತ್ತೆ ವಿದ್ಯುತ್ತನ್ನು ತುಂಬಿಸಿಕೊಂಡು ಕೆಲಸಕ್ಕೆ ನಿಲ್ಲುವ ಬ್ಯಾಟರಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಗೆ ಹೊಸ ವಸ್ತುವಲ್ಲ. ಮುಂಬಯಿಯಿಂದ ಶಹಾಬಾದ್, ವಾಡಿಗಳ ಮೂಲಕ ರಾಯಚೂರಿಗೆ 1871ರಲ್ಲಿ ರೈಲು ಹಳಿ ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿಗೆ ಓಡಿತು. ಮುಂದೆ ಬೋಗಿಗಳಲ್ಲಿ ಎಣ್ಣೆದೀಪ ಹೋಗಿ ವಿದ್ಯುದ್ದೀಪ ಬಂದಾಗ, ಗಾಲಿಯ ಅಚ್ಚಿಗೆ ಪಟ್ಟಿ ಹಾಕಿ ತಿರುಗಿಸುವ ಡೈನಮೋ ಬೋಗಿಯ ಅಡಿಯ ಪೆಟ್ಟಿಗೆಯಲ್ಲಿದ್ದ ಬ್ಯಾಟರಿಯನ್ನು ತುಂಬುತ್ತಿತ್ತು, ನಿಲ್ದಾಣದಲ್ಲಿ ರೈಲು ನಿಂತಾಗ ದೀಪ ಆರದಂತೆ ಆ ಬ್ಯಾಟರಿಯೇ ಕಾಯುತ್ತಿತ್ತು. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಮಾಡುವ ಇಂಥ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೊನ್ ಪ್ಲಾಂತೆ 1859ರಲ್ಲಿ ರೂಪಿಸಿದ್ದನು.

ಮನೆಗಳಿಗೆ ಬಂದದ್ದು ಮಾತ್ರ ಬೇರೆ ಜಾತಿಯದು. ಕೈದೀಪಕ್ಕೂ ಟ್ರಾನ್ಸಿಸ್ಟರ್ ರೇಡಿಯೋಗೂ ಜನ ಹಾಕುತ್ತಿದ್ದುದು ಒಮ್ಮೆ ಬಳಸಿ ಎಸೆಯುವ ಸತುವಿನ ಒಣ ಸೆಲ್ಲು. ಅದು ಸೊರಗಿದಾಗ ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಇನ್ನೊಂದೆರಡು ದಿನ ವಾರ್ತೆ ಕೇಳುವುದು ಅನೇಕ ಮನೆಗಳ ರೂಢಿಯಾಗಿತ್ತು. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಉಳಿದ ಅಲ್ಪಸ್ವಲ್ಪ ಶಕ್ತಿ ಹೊರಬರುತ್ತಿದ್ದುದರಿಂದ ಆ ಉಪಾಯ ಸುಳ್ಳೇನೂ ಅಲ್ಲ. ಆದರೆ ಅದು ಮರುತುಂಬುವಿಕೆಯಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ದೂರದಿಂದ ಕಿರುವಿಮಾನ, ದೋಣಿ, ಕಾರುಗಳನ್ನು ನಡೆಸುವ ರೇಡಿಯೋ ನಿಯಂತ್ರಣವೆಂಬ ಹವ್ಯಾಸದ ಇತಿಹಾಸ ಸುಲಭವಾಗಿ ತಿಳಿಯುತ್ತದೆ, ಏಕೆಂದರೆ ಆ ಇತಿಹಾಸದ ಬಹುಪಾಲು ಎಸೆಯುವ ಸೆಲ್ಲಿನಿಂದ ತುಂಬುವ ಸೆಲ್ಲಿಗೆ ದಾಟಿದ ಇತಿಹಾಸವೇ ಆಗಿದೆ.

ನಿಕೊಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯಿಲ್ಲದೆ ನಡೆಸಿ ತೋರಿಸಿದ ದೋಣಿಯ ಹೊಟ್ಟೆಯಲ್ಲಿ ಮರುತುಂಬುವ ಬ್ಯಾಟರಿಯೇ ಇತ್ತು. ಆದರೆ 1937ರಲ್ಲಿ ಅಮೆರಿಕದ ಕಲಮಜೂ ಊರಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದ ಕಾಲಕ್ಕೆ ಪ್ರಸಾರಕ, ಎಂದರೆ ಆಜ್ಞೆಯನ್ನು ಅಲೆಗಳಾಗಿ ಕಳಿಸುವ ಟ್ರಾನ್ಸ್‌ಮಿಟರ್, ಗಾಜಿನ ವಾಲ್ವುಗಳಿಂದ ನಡೆಯುತ್ತಿತ್ತು. ವಾಲ್ವಿನ ತಂತುವನ್ನು ಕಾಯಿಸಲು ಒಂದು ಬ್ಯಾಟರಿ, ಅದರ ತಗಡಿಗೆ ಹತ್ತಾರು ವೋಲ್ಟುಗಳ ಇನ್ನೊಂದು ಬ್ಯಾಟರಿ ಬೇಕಾಗುತ್ತಿದ್ದವು. ಮುಗಿದವೆಂದರೆ ಎರಡನ್ನೂ ಎಸೆಯಬೇಕಿತ್ತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಈ ಹಸಿವನ್ನು ತಗ್ಗಿಸಿತು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದಿದ್ದ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲು, ಅನಿಲ ಹೊರಹೋಗದಂತೆ ಮುಚ್ಚಿದ ರೂಪದಲ್ಲಿ ಮಾರುಕಟ್ಟೆಗೆ ಬಂದ ಮೇಲೆ, 1960ರ ದಶಕದಿಂದ ನಿಯಂತ್ರಕದ, ಎಂದರೆ ಕೈಯಲ್ಲಿ ಹಿಡಿಯುವ ಪ್ರಸಾರಕದ, ಪೆಟ್ಟಿಗೆಯಲ್ಲಿ ನೆಲೆಯೂರಿತು.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಹವ್ಯಾಸಿಗಳು ಮೋಸಹೋಗುವುದು ಇಲ್ಲಿಯೇ. ಒಣ ಸೆಲ್ಲಿನ ವೋಲ್ಟೇಜ್ 1.5, ನಿಕ್ಕಲ್ ಸೆಲ್ಲಿನದು 1.2. ಎಂಟು ಸೆಲ್ಲುಗಳ ಪೆಟ್ಟಿಗೆಯಲ್ಲಿ ಮೊದಲನೆಯದರಿಂದ 12 ವೋಲ್ಟ್, ಎರಡನೆಯದರಿಂದ 9.6 ವೋಲ್ಟ್ ದೊರೆಯುತ್ತದೆ. ಹಾಗಾದರೆ ಮರುತುಂಬುವ ಸೆಲ್ಲು ದುರ್ಬಲವೇ ಎಂಬ ಸಂಶಯ ಸಹಜ. ಆದರೆ ಒಣ ಸೆಲ್ಲು ಬಳಸಿದಷ್ಟೂ ಇಳಿಜಾರಿನಲ್ಲಿ ಇಳಿಯುತ್ತ 0.9 ವೋಲ್ಟಿನವರೆಗೆ ಹೋಗುತ್ತದೆ, ನಿಕ್ಕಲ್ ಸೆಲ್ಲು ಬಹುಹೊತ್ತು 1.2ರ ಆಸುಪಾಸಿನಲ್ಲಿಯೇ ನಿಂತು ಕೊನೆಯಲ್ಲಿ ಬಾವಿಗೆ ಬಿದ್ದಂತೆ ಕುಸಿಯುತ್ತದೆ. ನಿಲುವು ಸಮವಾಗಿರುವುದರಿಂದ ಪ್ರಸಾರದ ಬಲ ಕುಂದುವುದಿಲ್ಲ, ಇದು ಲಾಭ. ಕುಸಿತ ಹಠಾತ್ತಾಗಿರುವುದರಿಂದ ಮುನ್ಸೂಚನೆಗೆ ಕಾಲ ಸಿಗುವುದಿಲ್ಲ, ಇದು ಅಪಾಯ. ವಿಮಾನದಲ್ಲಿ ಮೋಟಾರಿನ ಬ್ಯಾಟರಿ ಸೊರಗಿದರೆ ಅದನ್ನು ತೇಲಿಸಿ ಇಳಿಸಿಕೊಳ್ಳುವ ಅವಕಾಶವಿರುತ್ತದೆ, ಕೈಯಲ್ಲಿರುವ ಬ್ಯಾಟರಿ ಸತ್ತರೆ ವಿಮಾನ ಯಾರ ಮಾತಿನಲ್ಲೂ ಇರುವುದಿಲ್ಲ. ಆದುದರಿಂದ ಎರಡರಲ್ಲಿ ಹೆಚ್ಚು ಜೋಪಾನ ಬೇಡುವುದು ನಿಯಂತ್ರಕದ್ದೇ.

ಆ ಕಾಲದ ಸೆಲ್ಲುಗಳು ಸಾಮಾನ್ಯವಾಗಿ 600 ಮಿಲಿಆಂಪಿಯರ್-ಗಂಟೆಯವು, ಎಂದರೆ 200 ಮಿಲಿಆಂಪಿಯರ್ ವಿದ್ಯುತ್ತನ್ನು ಎಳೆದರೆ ಸುಮಾರು ಮೂರು ಗಂಟೆ ಬರುವಂಥವು. ಅವನ್ನು ಸಾಮರ್ಥ್ಯದ ಹತ್ತನೇ ಒಂದು ಪಾಲಿನಷ್ಟು ಮಂದ ವಿದ್ಯುತ್ತಿನಲ್ಲಿ 14ರಿಂದ 16 ಗಂಟೆ ತುಂಬಬೇಕಿತ್ತು. ಹಾರಾಟದ ಹಿಂದಿನ ಸಂಜೆಯೇ ಪ್ಲಗ್ಗಿಗೆ ಹಚ್ಚಬೇಕಾದ ಈ ಶಿಸ್ತನ್ನು ರಾತ್ರಿ ಕರೆಂಟು ಹೋಗುವ ಊರುಗಳಲ್ಲಿ ಪಾಲಿಸುವುದು ಕಷ್ಟವೇ ಆಗಿತ್ತು. ಬಿಡಿ ಸೆಲ್ಲುಗಳನ್ನು ಸ್ಪ್ರಿಂಗಿನ ನಡುವೆ ಕೂರಿಸುವ ಪೆಟ್ಟಿಗೆಯಲ್ಲಿ ಇನ್ನೊಂದು ತೊಂದರೆಯಿತ್ತು: ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿತೆಂದರೆ ಸೆಲ್ಲುಗಳು ತುಂಬಿದ್ದರೂ ಕೈ ಅಲುಗಿದಾಗ ವಿದ್ಯುತ್ತು ಕ್ಷಣಕಾಲ ಕಡಿದು ಹೋಗುತ್ತಿತ್ತು. ಸೆಲ್ಲುಗಳನ್ನು ತಗಡಿನ ಪಟ್ಟಿಯಿಂದ ಬೆಸೆದು ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಕಟ್ಟುಗಳು ಹವ್ಯಾಸಿಗಳಿಗೆ ಪ್ರಿಯವಾದದ್ದಕ್ಕೆ ಇದೂ ಕಾರಣ.

ಕ್ಯಾಡ್ಮಿಯಂ ವಿಷಲೋಹವಾದ್ದರಿಂದ ಅದರ ಜಾಗಕ್ಕೆ 1990ರ ಹೊತ್ತಿಗೆ ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲು ಬಂದಿತು. ಅದರ ಸಾಮರ್ಥ್ಯ ಹೆಚ್ಚು, ಆದರೆ ಸುಮ್ಮನೆ ಇಟ್ಟರೂ ತಾನಾಗಿ ಸೋರಿಹೋಗುವ ಗುಣವೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿಯನ್ನು ದಾಟುವ ಕಲಬುರಗಿಯ ಬಿಸಿಲಿನಲ್ಲಿ ಈ ಸೋರಿಕೆ ಇನ್ನೂ ತೀವ್ರವಾಗುತ್ತದೆ. ಒಣ ಸೆಲ್ಲಿಗೆ ಎರಡು ದಿನದ ಜೀವ ಕೊಟ್ಟ ಅದೇ ಬಿಸಿಲು ಮರುತುಂಬುವ ಸೆಲ್ಲಿನ ಆಯಸ್ಸನ್ನು ತಿನ್ನುತ್ತದೆ. ಜಪಾನಿನ ಸ್ಯಾನ್ಯೋ ಸಂಸ್ಥೆ 2005ರಲ್ಲಿ ಹೊರತಂದ ಎನೆಲೂಪ್ ಸೆಲ್ಲು ಒಂದು ವರ್ಷ ಇಟ್ಟರೂ ಬಹುಪಾಲು ವಿದ್ಯುತ್ತನ್ನು ಉಳಿಸಿಕೊಂಡಾಗ ಈ ಕೊರತೆ ಬಹುಮಟ್ಟಿಗೆ ನೀಗಿತು. ಅದೇ ವರ್ಷ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಆ ಪಟ್ಟಿಯಲ್ಲಿ ಕೆಲಸ ಮಾಡುವ ಹೊಸ ನಿಯಂತ್ರಕಗಳಲ್ಲಿ ಹಲವಕ್ಕೆ ನಾಲ್ಕೇ ಸೆಲ್ಲುಗಳು ಸಾಕಾದವು.

ಲಿಥಿಯಂ ಅಯಾನ್ ಸೆಲ್ಲನ್ನು ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಶೋಧಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ಹೊಲಕ್ಕೂ ಈ ಸೆಲ್ಲಿಗೂ ಈಗ ನಂಟು ಬೆಳೆದಿದೆ. ಬೆನ್ನಿಗೆ ಕಟ್ಟುವ ಬ್ಯಾಟರಿ ಪಂಪಿನಲ್ಲಿ ಸೀಸ-ಆಮ್ಲದ 12 ವೋಲ್ಟಿನ ಬ್ಯಾಟರಿಯೇ ರೂಢಿ. ಆದರೆ ಹೂ ಬಿಡುವ ಹೊತ್ತಿಗೆ ತೊಗರಿ ಹೆಗಲೆತ್ತರಕ್ಕೆ ಬೆಳೆದು ಸಾಲುಗಳ ನಡುವೆ ನುಗ್ಗುವುದೇ ಕಷ್ಟವಾದಾಗ, ಲಿಥಿಯಂ ಬ್ಯಾಟರಿಯಿಂದ ಹಾರುತ್ತ ಕಾಯಿಕೊರಕಕ್ಕೆ ಔಷಧಿ ಸಿಂಪಡಿಸುವ ಡ್ರೋನ್ ಉಪಯುಕ್ತವೆನಿಸುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಯನ್ನು ಒಪ್ಪಿದ್ದರಿಂದ, ಹವ್ಯಾಸಿಗಳು ದಶಕಗಳ ಕಾಲ ಕೈಸುಟ್ಟುಕೊಂಡು ಕಲಿತ ಪಾಠ ಹೊಲದ ಹೆಣ್ಣುಮಕ್ಕಳಿಗೂ ಬೇಕಾದ ವಿದ್ಯೆಯಾಗಿದೆ.

ಪಾಠ ಕಠಿಣವೇನಲ್ಲ. ಲಿಥಿಯಂ ಸೆಲ್ಲು 4.2 ವೋಲ್ಟಿಗಿಂತ ಮೇಲೇರಬಾರದು, 3 ವೋಲ್ಟಿಗಿಂತ ಕೆಳಗಿಳಿಯಬಾರದು. ವಾರಗಟ್ಟಲೆ ಇಡುವುದಾದರೆ ಪೂರ್ತಿ ತುಂಬದೆ 3.8ರ ಸುತ್ತ ನಿಲ್ಲಿಸಬೇಕು. ನಿಕ್ಕಲ್ ಸೆಲ್ಲಿಗಾಗಿ ಮಾಡಿದ 9.6 ವೋಲ್ಟಿನ ಹಳೆಯ ನಿಯಂತ್ರಕಕ್ಕೆ ಮೂರು ಲಿಥಿಯಂ ಸೆಲ್ಲು ಜೋಡಿಸಿದರೆ ಪೂರ್ಣ ತುಂಬಿದಾಗ 12.6 ವೋಲ್ಟಾಗುತ್ತದೆ, ವೋಲ್ಟೇಜ್ ಇಳಿದಾಗ ಬಾರಿಸುವ ಅದರ ಹಳೆಯ ಎಚ್ಚರಿಕೆಯ ಗಂಟೆಯಂತೂ ಹೊಸ ಸೆಲ್ಲು ಹಾಳಾಗುವ ಹೊತ್ತಿಗೆ ಬಾರಿಸಿದರೂ ಬಾರಿಸಬಹುದು. ತುಂಬುವಾಗ ಬ್ಯಾಟರಿಯನ್ನು ಹಾಸಿಗೆ, ಮಂಚಗಳ ಮೇಲಿಡದೆ ಬೆಂಕಿ ಹತ್ತದ ತಂಪು ನೆಲದ ಮೇಲಿಡಬೇಕು. ಈ ಸೀಮೆಯ ಮನೆಗಳಲ್ಲಿ ಅಂಥ ನೆಲವನ್ನು ಹುಡುಕಬೇಕಾಗಿಲ್ಲ, ಶಹಾಬಾದಿ ಹಾಸುಗಲ್ಲು ಆ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ಆ ಕಲ್ಲನ್ನು ತೆಗೆದ ಗುಂಡಿಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಬಾವಿಗಳಿಗೂ ಸೇರುತ್ತದೆ, ಅಲ್ಲಿ ಎಸೆದ ಬ್ಯಾಟರಿಯ ವಿಷವೂ ಅದರೊಂದಿಗೆ ಸೇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಉಬ್ಬಿದ ಲಿಥಿಯಂ ಕಟ್ಟನ್ನಾಗಲಿ ಸತ್ತ ನಿಕ್ಕಲ್ ಸೆಲ್ಲನ್ನಾಗಲಿ ತಿಪ್ಪೆಗೂ ಗಣಿಗುಂಡಿಗೂ ಎಸೆಯದೆ, ತುದಿಗಳಿಗೆ ಟೇಪು ಸುತ್ತಿ, ಕೊಂಡ ಅಂಗಡಿಗೆ ಮರಳಿಸಬೇಕೆಂದು ಕೇಳುಗರಲ್ಲಿ ವಿನಂತಿ.