ಅಳುವ ಕೂಸು
ಪವಿತ್ರ ಕುಟುಂಬದ ಹಬ್ಬದಂದು ನಾವೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಕೂಸೊಂದು ರಚ್ಚೆ ಹಿಡಿದಾಗ ನಾವು ಪ್ರಬೋಧನೆ ನಿಲ್ಲಿಸಿ ಆ ತಾಯಿಯತ್ತ ದಿಟ್ಟಿಸಿದೆವು. ಆಕೆ ತಲೆತಗ್ಗಿಸಿ ಹೊರನಡೆದರು. ಪೂಜೆ ಮುಗಿದಾಗ ಅಂಗಳದಲ್ಲಿ ಗಾಡಿ ತಳ್ಳುತ್ತ ಮಾತೆಯ ಗವಿಯನ್ನು ಸುತ್ತುತ್ತಿದ್ದರು. ಕೂಸಿಗೆ ನಿದ್ದೆ ಹತ್ತಿತ್ತು. ತಾಯಿಗೆ ಪರಮಪ್ರಸಾದ ತಪ್ಪಿತ್ತು.

ಅಳುವ ಕೂಸನ್ನೆತ್ತಿ 5 ನಿಮಿಷ ನಡೆದರೆ ಅಳು ತಗ್ಗುತ್ತದೆ, ನಿದ್ದೆ ಬಂದ ಮೇಲೂ 5ರಿಂದ 8 ನಿಮಿಷ ಎತ್ತಿಕೊಂಡೇ ಕುಳಿತು ಆಮೇಲೆ ಮಲಗಿಸಬೇಕು ಎಂದು ಜಪಾನಿನ ಸಂಶೋಧಕರು 2022ರಲ್ಲಿ ತಿಳಿಸಿದರು. ನಮ್ಮ ಅಜ್ಜಿಯರಿಗೆ ಇದೇನು ಹೊಸದಲ್ಲ! ಸಂತ ಜೋಸೆಫರೂ ಮಾತೆ ಮರಿಯಮ್ಮನವರೂ ರಾತ್ರೋರಾತ್ರಿ ಕೂಸಿನೊಡನೆ ಈಜಿಪ್ಟಿಗೆ ಹೊರಟವರೇ.

ಇಂದು ಕೂಸು ಅತ್ತರೆ ಯಾರೂ ತಿರುಗಿ ನೋಡಬೇಡಿ. ಹೊರಗಿದ್ದವರಿಗೆ ಪರಮಪ್ರಸಾದವನ್ನು ನಾವೇ ಅಂಗಳಕ್ಕೆ ತರುತ್ತೇವೆ. ಅಪ್ಪಂದಿರೇ, ಗಾಡಿಯನ್ನು ನೀವೂ ತಳ್ಳಬಹುದು.