ಆಟದ ಅಂಗಳದಿಂದ ಗುರುಪೀಠಕ್ಕೆ
(ಶಾಲಾ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಬಹುಮಾನ ವಿತರಣೆಗೆ ಮುಂಚೆ ಕ್ರೀಡೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಆಟದಿಂದ ದೇಹಕ್ಕೆ ಆರೋಗ್ಯ, ಮನಸ್ಸಿಗೆ ಉಲ್ಲಾಸ ಎಂಬ ಮಾತನ್ನು ನೀವು ಪ್ರತಿವರ್ಷವೂ ಕೇಳಿದ್ದೀರಿ. ಅದನ್ನೇ ಮತ್ತೆ ಹೇಳಿ ಮಕ್ಕಳ ತಾಳ್ಮೆಯನ್ನು ಪರೀಕ್ಷಿಸಲಾರೆ. ಅದರ ಬದಲು ಒಬ್ಬ ಮಹಿಳೆಯ ವೃತ್ತಾಂತವನ್ನು ಹೇಳುತ್ತೇನೆ. ಆಕೆ ನಮ್ಮ ನಾಡಿನವರಲ್ಲ; ಅಮೆರಿಕೆಯ ಟೆನ್ನೆಸ್ಸಿ ರಾಜ್ಯದವರು. ಹೆಸರು ಪ್ಯಾಟ್ ಸಮಿಟ್. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗಿಯೊಬ್ಬಳು ಅದೇ ಆಟದ ಗುರುವಾದುದು ಹೇಗೆ ಎಂಬುದೇ ನನ್ನ ವಿಷಯ.

ಮೊದಲು ಆಟದ ಸಂಗತಿ. 1891ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಯೋಗ್ಯವಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ, ಅವುಗಳಲ್ಲಿ ಚೆಂಡು ಹಾಕಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಅಧ್ಯಾಪಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳು ದಣಿದಾರು, ಒರಟರಾದಾರು ಎಂಬ ಅಂಜಿಕೆ ಆ ಕಾಲದವರಿಗಿತ್ತು. ಆದುದರಿಂದ ಅಂಗಳವನ್ನು ಮೂರು ಭಾಗ ಮಾಡಿ, ತನ್ನ ಭಾಗವನ್ನು ಬಿಟ್ಟು ಯಾರೂ ಓಡಬಾರದು, ಇನ್ನೊಬ್ಬಳ ಕೈಯಿಂದ ಚೆಂಡನ್ನು ಕಸಿಯಬಾರದು ಎಂದು ನಿಯಮವಾಯಿತು. ಇದು ನಗುವ ಮಾತೆಂದು ಎಣಿಸಬೇಡಿ. ಟೆನ್ನೆಸ್ಸಿಯ ಹೈಸ್ಕೂಲುಗಳಲ್ಲಿ 1970ರ ದಶಕದ ಕೊನೆಯವರೆಗೂ ಹುಡುಗಿಯರಿಗೆ ಅರ್ಧ ಅಂಗಳದ ಆಟವೇ ಇದ್ದಿತು. ಪಕ್ಷಕ್ಕೆ ಆರು ಮಂದಿ. ಮೂವರು ಒಂದು ಕಡೆ ನಿಂತು ಬುಟ್ಟಿಗೆ ಎಸೆಯುವವರು, ಇನ್ನು ಮೂವರು ಮತ್ತೊಂದು ಕಡೆ ನಿಂತು ತಡೆಯುವವರು. ತಡೆಯುವವಳಿಗೆ ವರ್ಷಗಟ್ಟಲೆ ಆಡಿದರೂ ಒಮ್ಮೆಯಾದರೂ ಬುಟ್ಟಿಗೆ ಚೆಂಡು ಹಾಕುವ ಯೋಗವಿಲ್ಲ!

ಪ್ಯಾಟ್ ಹುಟ್ಟಿದುದು 1952ರಲ್ಲಿ, ಹಾಲು ಹೈನಿನ ಒಕ್ಕಲು ಮನೆತನದಲ್ಲಿ. ತವರಿನ ಹೆಸರು ಹೆಡ್. ಮೂವರು ಅಣ್ಣಂದಿರು, ಒಬ್ಬ ತಂಗಿ. ಹಸುಗಳ ಹಾಲು ಕರೆಯುವುದು, ಹೊಗೆಸೊಪ್ಪಿನ ಹೊಲದ ಕೆಲಸ, ಹುಲ್ಲು ಒಟ್ಟುವುದು, ಇವುಗಳಲ್ಲಿ ಹೆಣ್ಣೆಂಬ ರಿಯಾಯಿತಿ ಆ ಮನೆಯಲ್ಲಿರಲಿಲ್ಲ. ಕೆಲಸ ಮುಗಿದ ರಾತ್ರಿ ಹುಲ್ಲಿನ ಅಟ್ಟದ ಮೇಲೆ, ದೀಪದ ಬೆಳಕಿನಲ್ಲಿ, ಅಣ್ಣಂದಿರೊಡನೆ ಬಾಸ್ಕೆಟ್‌ಬಾಲ್ ನಡೆಯುತ್ತಿತ್ತು. ಹುಡುಗಿ ಹೈಸ್ಕೂಲಿಗೆ ಹೋಗುವ ಕಾಲ ಬಂದಿತು. ಆ ಜಿಲ್ಲೆಯ ಶಾಲೆಯಲ್ಲಿ ಹುಡುಗಿಯರ ತಂಡವೇ ಇಲ್ಲ. ಆಗ ತಂದೆತಾಯಿಗಳು ಏನು ಮಾಡಿದರು? ತಂಡವಿರುವ ಪಕ್ಕದ ಜಿಲ್ಲೆಯ ಹೆನ್ರಿಯೆಟ್ಟಾ ಎಂಬ ಹಳ್ಳಿಗೆ ಸಂಸಾರವನ್ನೇ ಸಾಗಿಸಿದರು.

ಹೆತ್ತವರೇ, ಕನ್ನಡದಲ್ಲಿ ಕಲಿಯಬೇಕೆಂಬ ಒಂದೇ ಕಾರಣಕ್ಕಾಗಿ ಮನೆಯ ಬಾಗಿಲಲ್ಲಿರುವ ಶಾಲೆಯನ್ನು ಬಿಟ್ಟು ದೂರದಿಂದ ಮಕ್ಕಳನ್ನು ಇಲ್ಲಿಗೆ ಕಳುಹಿಸುವವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಒಕ್ಕಲಿಗ ದಂಪತಿಗಳ ಮನಸ್ಸನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಮಗಳ ಭವಿಷ್ಯವನ್ನು ಮುಂಗಂಡು ಮಾಡಿದರೆಂದು ನನಗೆ ತೋರುವುದಿಲ್ಲ. ಹೆಂಗಸರಿಗೆ ಆ ಆಟದಲ್ಲಿ ಭವಿಷ್ಯವೆಂಬುದು ಅಂದು ಇರಲೇ ಇಲ್ಲ. ಆಕೆ 1970ರಲ್ಲಿ ಮಾರ್ಟಿನ್ ಎಂಬಲ್ಲಿಯ ಕಾಲೇಜು ಸೇರಿದಾಗ, ಅಣ್ಣಂದಿರಿಗೆ ಆಟದ ಬಲದಿಂದ ದೊರೆತಿದ್ದ ವಿದ್ಯಾರ್ಥಿವೇತನ ತಂಗಿಗೆ ದೊರೆಯಲಿಲ್ಲ. ಹೆಣ್ಣುಮಕ್ಕಳಿಗೆ ಅಂಥದೊಂದು ವೇತನವೇ ಇರಲಿಲ್ಲ. ಖರ್ಚನ್ನು ತಂದೆತಾಯಿಗಳೇ ಭರಿಸಿದರು.

1972ರಲ್ಲಿ ಅಮೆರಿಕೆಯಲ್ಲಿ ಒಂದು ಕಾಯಿದೆಯಾಯಿತು. ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದವನ್ನೆಣಿಸಕೂಡದೆಂದು ಅದರ ತಾತ್ಪರ್ಯ. ಆಟದ ಅಂಗಳದ ಬಾಗಿಲು ತೆರೆದುದು ಅದರಿಂದ; ಆದರೆ ಒಂದೇ ದಿನದಲ್ಲಲ್ಲ. 1973ರಲ್ಲಿ ಪ್ಯಾಟ್ ಮಾಸ್ಕೋದ ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿ ಆಡಿ ತಂಡದೊಡನೆ ಬೆಳ್ಳಿಯ ಪದಕ ತಂದರು. ಮರುವರ್ಷ, ಕಾಲೇಜಿನ ಕಡೆಯ ವರ್ಷದಲ್ಲಿ, ಆಡುತ್ತಿದ್ದಂತೆ ಮೊಣಕಾಲಿನ ಕಟ್ಟು ಹರಿದುಹೋಯಿತು. ಶಸ್ತ್ರಚಿಕಿತ್ಸೆಯಾಯಿತು. ಆಗಿನ ವೈದ್ಯದಲ್ಲಿ ಅಂಥ ಗಾಯವಾದವರು ಮತ್ತೆ ಅಂಗಳಕ್ಕಿಳಿಯುವುದು ದುರ್ಲಭವೆಂದೇ ಹೇಳಬೇಕು.

ಅದೇ 1974ರಲ್ಲಿ ನಾಕ್ಸ್‌ವಿಲ್‌ನ ಟೆನ್ನೆಸ್ಸಿ ವಿಶ್ವವಿದ್ಯಾಲಯದಿಂದ ಕರೆ ಬಂದಿತು. ಎಂ.ಎ. ತರಗತಿಗೆ ಸಮಾನವಾದ ಓದನ್ನು ಮುಂದುವರಿಸುತ್ತ ಮಹಿಳೆಯರ ತಂಡಕ್ಕೆ ಸಹಾಯಕ ತರಬೇತುಗಾರ್ತಿಯಾಗಬೇಕೆಂದು. ಒಪ್ಪಿಕೊಂಡರು. ಅಷ್ಟರಲ್ಲಿ ಮುಖ್ಯ ತರಬೇತುಗಾರ್ತಿಯವರು ರಜೆಯ ಮೇಲೆ ಹೋದುದರಿಂದ ಸಹಾಯಕಿಯ ಹೆಗಲ ಮೇಲೆಯೇ ಪೂರ್ಣ ಭಾರ ಬಿದ್ದಿತು. ವಯಸ್ಸು ಇಪ್ಪತ್ತೆರಡು, ತಂಡದ ಕೆಲವರು ಈಕೆಗಿಂತ ಒಂದೇ ವರ್ಷ ಚಿಕ್ಕವರು. ಸಂಬಳ ತಿಂಗಳಿಗೆ 250 ಡಾಲರು. ಹುಡುಗಿಯರು ತೊಡುತ್ತಿದ್ದ ಸಮವಸ್ತ್ರ ಹಿಂದಿನ ವರ್ಷ ಸಿಹಿತಿಂಡಿ ಮಾರಿ ಕೂಡಿಸಿದ ಹಣದಿಂದ ಕೊಂಡದ್ದು. ಅದನ್ನು ಒಗೆಯುವವರೂ ಇವರೇ, ಪರಸ್ಥಳದ ಪಂದ್ಯಗಳಿಗೆ ವ್ಯಾನು ನಡೆಸುವವರೂ ಇವರೇ. ಒಮ್ಮೆ ಎದುರು ಪಕ್ಷದವರ ಆಟದ ಮನೆಯ ನೆಲದ ಮೇಲೆಯೇ ಹಾಸಿಕೊಂಡು ಮಲಗಿ, ಬೆಳಗ್ಗೆದ್ದು ಆಡಿದ್ದುಂಟು.

ಮೊದಲನೆಯ ಪಂದ್ಯದಲ್ಲಿ ಏನಾಯಿತೆಂದು ಮಕ್ಕಳು ಕೇಳಬಹುದು. ಸೋತರು. 1974ರ ಡಿಸೆಂಬರ್ 7ರಂದು ಮರ್ಸರ್ ವಿಶ್ವವಿದ್ಯಾಲಯದೆದುರು 84ಕ್ಕೆ 83. ಒಂದೇ ಒಂದು ಅಂಕದಿಂದ! ಆ ವರ್ಷದ ಲೆಕ್ಕ ಹದಿನಾರು ಗೆಲವು, ಎಂಟು ಸೋಲು.

ಆಕೆಯ ಅಂದಿನ ದಿನಚರಿಯನ್ನು ನೆನೆದರೆ ನನಗೆ ಆಶ್ಚರ್ಯವಾಗುತ್ತದೆ. ತಾನೇ ಓದುವುದು, ವ್ಯಾಯಾಮದ ತರಗತಿಗಳಲ್ಲಿ ಪಾಠ ಹೇಳುವುದು, ತಂಡವನ್ನು ಪಳಗಿಸುವುದು; ಇಷ್ಟರ ನಡುವೆ ಮೊಣಕಾಲನ್ನು ಗುಣಪಡಿಸಿಕೊಂಡು ಆಟಗಾರ್ತಿಯಾಗಿಯೂ ಸಿದ್ಧಳಾಗುವುದು. ಏಕೆಂದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲಿಗೆ ಮೊಟ್ಟಮೊದಲು ಸ್ಥಾನ ದೊರೆಯುವುದಿತ್ತು. ಅಲ್ಲಿ ಸಹನಾಯಕಿಯಾಗಿ ಆಡಿದರು. ಸೋವಿಯತ್ ತಂಡಕ್ಕೆ ಚಿನ್ನ, ಅಮೆರಿಕೆಗೆ ಬೆಳ್ಳಿ. ಎಂಟು ವರ್ಷಗಳ ತರುವಾಯ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕೆಯ ಮಹಿಳಾ ತಂಡದ ತರಬೇತುಗಾರ್ತಿ ಇವರೇ. ಆಟಗಾರ್ತಿಯೂ ಗುರುವೂ ಒಂದೇ ದೇಹದಲ್ಲಿದ್ದ ಆ ಎರಡು ವರ್ಷಗಳೇ ಅವರನ್ನು ರೂಪಿಸಿದವೆಂದು ನನ್ನ ಭಾವನೆ. ಕಲಿಸುತ್ತಿದ್ದುದನ್ನು ತನ್ನ ನೋಯುವ ಕಾಲಿನ ಮೇಲೆ ತಾನೇ ಮಾಡಿ ನೋಡಬೇಕಾಗಿತ್ತಲ್ಲವೇ?

ಆದರೂ ವಿಶ್ವವಿದ್ಯಾಲಯದ ತಂಡಕ್ಕೆ ರಾಷ್ಟ್ರದ ಅಗ್ರಪ್ರಶಸ್ತಿ ಸುಲಭವಾಗಿ ಒಲಿಯಲಿಲ್ಲ. ಅದು ಬಂದುದು 1987ರಲ್ಲಿ, ಹದಿಮೂರನೆಯ ವರ್ಷದಲ್ಲಿ. ಬಳಿಕ 2008ರೊಳಗೆ ಮತ್ತೆ ಏಳು ಸಲ ಬಂದಿತು. 1996, 97, 98ರಲ್ಲಿ ಸಾಲಾಗಿ ಮೂರು. ಅವುಗಳಲ್ಲಿ ಕಡೆಯ ವರ್ಷ ಆಡಿದ ಮೂವತ್ತೊಂಬತ್ತು ಪಂದ್ಯಗಳಲ್ಲಿ ಮೂವತ್ತೊಂಬತ್ತೂ ಗೆಲವು. ಮೂವತ್ತೆಂಟು ವರ್ಷಗಳ ಒಟ್ಟು ಗೆಲವು 1,098.

ಅಂಕಿಗಳನ್ನು ಇಲ್ಲಿಗೇ ಬಿಡುತ್ತೇನೆ. "ಆಟ ಆಟವೆಂದು ಓದು ಕೆಟ್ಟಿತು" ಎಂದು ಮನೆಮನೆಯಲ್ಲೂ ಕೇಳಿಬರುವ ದೂರಿಗೆ ಸಂಬಂಧಪಟ್ಟ ಸಂಗತಿಯೊಂದಿದೆ. ಈಕೆಯ ತಂಡದ ಹುಡುಗಿಯರು ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಕುಳಿತುಕೊಳ್ಳಬೇಕು. ಪಾಠ ತಪ್ಪಿಸಿದವಳಿಗೆ ಮುಂದಿನ ಪಂದ್ಯವಿಲ್ಲ. ಎಷ್ಟೇ ಚತುರೆಯಾಗಿದ್ದರೂ ಇಲ್ಲ. ಕೆಲವರಿಗೆ ಇದು ಕಠೋರವೆನಿಸೀತು. ಅವರ ದುರುಗುಟ್ಟಿದ ನೋಟಕ್ಕೆ ಇಡೀ ತಂಡ ಅಂಜುತ್ತಿದ್ದುದೂ ನಿಜ. ಆದರೆ ಅವರ ಕೈಕೆಳಗೆ ಕಾಲೇಜಿನ ಆಟದ ಅವಧಿಯನ್ನು ಪೂರೈಸಿದ ಹುಡುಗಿಯರೆಲ್ಲರೂ, ಒಬ್ಬಳನ್ನೂ ಬಿಡದೆ, ಪದವಿ ಪಡೆದುಕೊಂಡೇ ಹೊರಬಿದ್ದರು.

ಆ ಹುಡುಗಿಯರಲ್ಲಿ ಬಹುಮಂದಿ ತಾವೂ ತರಬೇತುಗಾರ್ತಿಯರಾದರು. ಇದಕ್ಕೆ ಇನ್ನೊಂದು ಕಾರಣದಿಂದ ಬೆಲೆಯುಂಟು. 1972ರ ಕಾಯಿದೆಯ ಕಾಲಕ್ಕೆ ಅಮೆರಿಕೆಯ ಕಾಲೇಜುಗಳಲ್ಲಿ ಮಹಿಳೆಯರ ತಂಡಗಳಿಗೆ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಮಹಿಳೆಯರೇ ಗುರುಗಳಾಗಿದ್ದರು. ಹಣವೂ ಮಾನವೂ ಬಂದೊಡನೆ ಆ ಹುದ್ದೆಗಳಿಗೆ ಗಂಡಸರು ಬಂದರು. ಮಹಿಳೆಯರ ಪಾಲು ಇಳಿಯುತ್ತ ಇಳಿಯುತ್ತ ಅರ್ಧಕ್ಕಿಂತಲೂ ಕೆಳಗಾಯಿತು. ಆಡುವವರ ಸಂಖ್ಯೆ ಏರಿತು, ಕಲಿಸುವವರ ಪಾಲು ಇಳಿಯಿತು. ಕಾಯಿದೆ ಮಾಡಿದವರು ಇದನ್ನು ಊಹಿಸಿರಲಿಲ್ಲವೆಂದು ತೋರುತ್ತದೆ. ಹೀಗಿರಲು ಶಿಷ್ಯೆಯರ ಕೈಗೆ ವಿದ್ಯೆಯನ್ನು ಒಪ್ಪಿಸುವುದು ಎಷ್ಟು ಅಗತ್ಯವಾಗಿತ್ತೆಂಬುದನ್ನು ಯೋಚಿಸಿರಿ. 1996ರಿಂದ ಸಾಲಾಗಿ ಬಂದ ಆ ಮೂರು ಪ್ರಶಸ್ತಿಗಳ ತಂಡದಲ್ಲಿ ಆಡಿದ ಕೆಲ್ಲಿ ಜಾಲಿ ಎಂಬಾಕೆ 2019ರಿಂದ 2024ರವರೆಗೆ ಅದೇ ವಿಶ್ವವಿದ್ಯಾಲಯದ ತಂಡವನ್ನು ನಡೆಸಿದರು.

2011ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಪ್ಯಾಟ್ ಸಮಿಟ್ ತಮಗೆ ಆಲ್ಜೈಮರ್ ಎಂಬ ಮರೆವಿನ ರೋಗ ಹತ್ತಿದೆಯೆಂದು ಬಹಿರಂಗವಾಗಿ ತಿಳಿಸಿದರು. ಮರೆಮಾಡಲಿಲ್ಲ, ಕೂಡಲೇ ಕೆಲಸವನ್ನೂ ಬಿಡಲಿಲ್ಲ. ಮತ್ತೊಂದು ವರ್ಷ ತಂಡದೊಡನೆ ಅಂಗಳದ ಬದಿಯಲ್ಲಿ ಕುಳಿತರು. ಅಭ್ಯಾಸದ ಹೆಚ್ಚಿನ ಹೊಣೆಯನ್ನು ಸಹಾಯಕಿಯರು ಹೊತ್ತರು. ಅವರಲ್ಲಿ ಹಾಲಿ ವಾರ್ಲಿಕ್ ಎಂಬವರು 1976ರಿಂದ 80ರವರೆಗೆ ಈಕೆಯ ಬಳಿಯೇ ಆಡಿದವರು. 1985ರಿಂದ ಸಹಾಯಕಿಯಾಗಿ ಜೊತೆಯಲ್ಲಿದ್ದವರು. 2012ರ ಏಪ್ರಿಲಿನಲ್ಲಿ ಸಮಿಟ್ ಸ್ಥಾನದಿಂದಿಳಿದರು. 2016ರ ಜೂನ್ 28ರಂದು ತೀರಿಕೊಂಡರು.

ಸ್ಥಾನದಿಂದಿಳಿದ ಸಂದರ್ಭದಲ್ಲಿ ಪತ್ರಿಕೆಯವರೆಲ್ಲ ನೆರೆದಿದ್ದ ಸಭೆಯಲ್ಲಿ ಅವರು ವಾರ್ಲಿಕ್ ಅವರಿಗೆ ಕೊಟ್ಟ ಕಾಣಿಕೆ ದೊಡ್ಡದೇನಲ್ಲ. ಅಂಗಳದಲ್ಲಿ ಊದುವ ಒಂದು ಸೀಟಿ.

ಬಹುಮಾನಗಳು ಮೇಜಿನ ಮೇಲೆ ಕಾದಿವೆ, ಮಕ್ಕಳ ಕಣ್ಣೂ ಅತ್ತಲೇ ಇದೆ.